ಚಂದಮಾಮ ಹೇಗೆ ಶುರುವಾಯಿತು, ಯಾಕೆ ನಿಂತಿತು?

ಟಿವಿ ಬಂತು, ಮಕ್ಕಳು ಓದುವುದು ಬಿಟ್ಟರು, ಮಕ್ಕಳ ಕಥೆಗಳ ಮಾಸಪತ್ರಿಕೆ ಚಂದಮಾಮ ನಿಂತಿತು ಅಂತ ಜಾಸ್ತಿ ಜನ ಹೇಳುತ್ತಾರೆ. ನೀವೂ ಆ ಮಾತು ಕೇಳಿರಬಹುದು. ನನಗೆ ಅಷ್ಟೇ ಕಾರಣ ಅನ್ನಿಸುವುದಿಲ್ಲ. ಅದನ್ನು ಕಟ್ಟಿದ ತಂಡ ಎಂಥದ್ದು ಅನ್ನುವುದನ್ನು ಮೊದಲು ನೋಡಬೇಕು.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದ್ರಾಸಿನಿಂದ ಚಂದಮಾಮ ಹೊರಡಿಸಿದರು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳಿತ್ತು. ಮುಂದೆ ವಿಜಯಾ ಸಂಸ್ಥೆಯಿಂದ ‘ಮಾಯಾಬಜಾರ್’ ಸಿನಿಮಾ ತೆಗೆದವರೂ ಇವರೇ. ಚಂದಮಾಮ ಮೊದಲು ತೆಲುಗು ಮತ್ತು ತಮಿಳಿನಲ್ಲಿ ಬಂತು. ತಮಿಳಿನಲ್ಲಿ ಇದರ ಹೆಸರು ಅಂಬುಲಿಮಾಮ. ಕನ್ನಡಕ್ಕೆ ಬಂದದ್ದು 1949ರಲ್ಲಿ. ಆಮೇಲೆ ಹಿಂದಿ, ಮರಾಠಿ, ಮಲಯಾಳಂ, ಒಡಿಯಾ ಹೀಗೆ ಬೆಳೆಯುತ್ತಾ ಹೋಯಿತು.

ಇದರ ನಿಜವಾದ ಬಲ ಒಂದೇ ಸೂರಿನಡಿ ಕೂತು ಕೆಲಸ ಮಾಡುತ್ತಿದ್ದ ಜನ. ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿನ ಕಥೆಗಳನ್ನು ತಿದ್ದಿ ತೀಡಿದರು. ದಾಸರಿ ಸುಬ್ರಹ್ಮಣ್ಯಂ ಮಾಂತ್ರಿಕರು, ರಾಕ್ಷಸರು ತುಂಬಿದ ಧಾರಾವಾಹಿಗಳನ್ನು ಬರೆದರು. ಹಾಗಿದ್ದೂ ಎಷ್ಟೋ ಕಥೆಗಳಿಗೆ ಬರೆದವರ ಹೆಸರೇ ಇರುತ್ತಿರಲಿಲ್ಲ! ಮಕ್ಕಳಿಗೆ ಬೇಕಾದದ್ದು ಕಥೆ ತಾನೆ.

ಚಿತ್ರಗಳ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವೇ ಆದೀತು. ‘ಚಿತ್ರ’ ಎಂದು ಸಹಿ ಹಾಕುತ್ತಿದ್ದ ಟಿ. ವಿ. ರಾಘವನ್, ವಡ್ಡಾದಿ ಪಾಪಯ್ಯ, ಶಂಕರ್ ಇಲ್ಲಿನ ಚಿತ್ರಕಾರರು. ನಮ್ಮ ಕನ್ನಡದವರೇ ಆದ ಎಂ. ಟಿ. ವಿ. ಆಚಾರ್ಯ ಬರೆದ ಮಹಾಭಾರತದ ಮುಖಪುಟಗಳನ್ನು ನೋಡಿ. ಅವರ ಭೀಷ್ಮ, ಕರ್ಣರನ್ನು ನೋಡಿದ ಮೇಲೆ ಬೇರೆ ಮುಖ ಕಲ್ಪಿಸಿಕೊಳ್ಳುವುದು ನನಗಂತೂ ಕಷ್ಟ. ಬೇತಾಳ ಕಥೆಗಳಲ್ಲಿ ಬರುವ, ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ರಾಜನ ಚಿತ್ರ ಶಂಕರ್ ಅವರದು.

ಆ ಬೇತಾಳ ಕಥೆಗಳಲ್ಲೇ ತಂಡದ ಜಾಣ್ಮೆ ಕಾಣುತ್ತದೆ. ಮೂಲದಲ್ಲಿ ಇರುವುದು 25 ಕಥೆ. ತಿಂಗಳಿಗೊಂದರಂತೆ ಹಾಕಿದರೆ ಎರಡು ವರ್ಷಕ್ಕೆ ಮುಗಿಯಬೇಕಿತ್ತು, ಅಲ್ವಾ? ತ್ರಿವಿಕ್ರಮ ರಾಜ ಮರದಿಂದ ಶವ ಇಳಿಸಿ ಹೊತ್ತು ತರುವುದು, ಅದರೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುವುದು, ಈ ಚೌಕಟ್ಟನ್ನು ಅವರು ಹಾಗೇ ಇಟ್ಟುಕೊಂಡು ಒಳಗೆ ಹೊಸ ಹೊಸ ಕಥೆಗಳನ್ನು ತಂದರು. ಛಲ ಬಿಡದ ತ್ರಿವಿಕ್ರಮ ದಶಕಗಳ ಕಾಲ ಮರ ಹತ್ತಿದ. ಕೊನೆಗೆ ಬೇತಾಳ ಕೇಳುವ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಹುಡುಕಿ, ಆಮೇಲೆ ರಾಜನ ಉತ್ತರ ಓದುತ್ತಿದ್ದರು. ನ್ಯಾಯ ಅನ್ಯಾಯ ತೂಗಿ ನೋಡುವುದನ್ನು ಉಪದೇಶ ಇಲ್ಲದೆ ಕಲಿಸಿದ ಪುಟಗಳು ಅವು.

1998ರಲ್ಲಿ ಕಾರ್ಮಿಕರ ವಿವಾದದಿಂದ ಪತ್ರಿಕೆ ನಿಂತಿತು. ಮುಂದಿನ ವರ್ಷದ ಕೊನೆಗೆ ಹೊಸ ಬಂಡವಾಳದೊಂದಿಗೆ ಮತ್ತೆ ಶುರುವಾಯಿತು. 2007ರಲ್ಲಿ ಮುಂಬೈನ ಜಿಯೋಡೆಸಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡಿತು. ಆ ಕಂಪನಿಯೇ ಹಣದ ಮುಗ್ಗಟ್ಟಿಗೆ ಸಿಕ್ಕಿತು. 2013ರ ಹೊತ್ತಿಗೆ ಚಂದಮಾಮ ಬರುವುದು ನಿಂತುಹೋಯಿತು. ಹಳೆಯ ತಂಡದ ಹೆಚ್ಚಿನವರು ಅಷ್ಟರಲ್ಲಿ ಇರಲಿಲ್ಲ. ಓದುವ ಮಕ್ಕಳು ಕಡಿಮೆಯಾದದ್ದಕ್ಕಿಂತ, ಅಂಥ ತಂಡವನ್ನು ಮತ್ತೆ ಕಟ್ಟಲು ಆಗದಿದ್ದದ್ದೇ ದೊಡ್ಡ ನಷ್ಟ ಎಂದು ನಾನು ನಂಬುತ್ತೇನೆ.

ಹಳೆಯ ಸಂಚಿಕೆ ಹುಡುಕುವುದಾದರೆ 1950ರಿಂದ 70ರ ದಶಕದವರೆಗಿನವನ್ನು ಮೊದಲು ಓದಿ. ಮನೆಯಲ್ಲಿ ಮಕ್ಕಳಿದ್ದರೆ ಬೇತಾಳನ ಪ್ರಶ್ನೆ ಬಂದ ಜಾಗದಲ್ಲಿ ನಿಲ್ಲಿಸಿ, ಅವರನ್ನೇ ಕೇಳಿ.