ಕಾಸ್ಮಿಕ್ ಕಿರಣಗಳನ್ನು ಅಳೆಯೋಕೆ ಧ್ರುವ ಪ್ರದೇಶಕ್ಕೇ ಯಾಕೆ ಹೋಗುತ್ತಾರೆ?

ಸುಮ್ನೆ ಅಷ್ಟು ದೂರ ಹೋಗುವುದಿಲ್ಲ. ಕಾಸ್ಮಿಕ್ ಕಿರಣ ಅಂದರೆ ಬಾಹ್ಯಾಕಾಶದಿಂದ ಬರುವ, ವಿದ್ಯುದಾವೇಶ ಇರುವ ಕಣಗಳು, ಹೆಚ್ಚಿನವು ಪ್ರೋಟಾನ್‌ಗಳು. ಸಮಭಾಜಕದ ಹತ್ತಿರ ಭೂಮಿಯ ಕಾಂತಕ್ಷೇತ್ರ ಇವುಗಳಲ್ಲಿ ಬಹಳಷ್ಟನ್ನು ಅಡ್ಡಗಟ್ಟಿ ತಿರುಗಿಸಿಬಿಡುತ್ತದೆ. ಧ್ರುವಗಳಲ್ಲಿ ಕಾಂತರೇಖೆಗಳು ಹೆಚ್ಚುಕಮ್ಮಿ ನೇರವಾಗಿ ನೆಲಕ್ಕಿಳಿಯುತ್ತವೆ. ಹಾಗಾಗಿ ಕಡಿಮೆ ಶಕ್ತಿಯ ಕಣಗಳೂ ಆ ದಾರಿ ಹಿಡಿದು ಒಳಗೆ ನುಗ್ಗುತ್ತವೆ.

ಆದರೆ ನೆಲದ ಮೇಲೆ ಸಿಗುವುದು ಮೂಲ ಕಣವಲ್ಲ, ಅದು ಗಾಳಿಯ ಪರಮಾಣುಗಳಿಗೆ ಬಡಿದಾಗ ಚಿಮ್ಮುವ ಮರಿಕಣಗಳು. ಅವುಗಳಲ್ಲಿ ನ್ಯೂಟ್ರಾನ್‌ಗಳನ್ನು ಎಣಿಸುವ ಯಂತ್ರವೇ ನ್ಯೂಟ್ರಾನ್ ಮಾನಿಟರ್. ಫಿನ್‌ಲೆಂಡಿನ ಔಲುವಿನಲ್ಲಿ ಇದು 1964ರಿಂದ ಎಣಿಸುತ್ತಿದೆ. ದಕ್ಷಿಣ ಧ್ರುವದ ಕೇಂದ್ರ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ತಲೆ ಮೇಲೆ ಗಾಳಿ ಕಡಿಮೆ, ಎಣಿಕೆ ಜಾಸ್ತಿ.

ಇನ್ನೂ ಮೇಲಕ್ಕೆ ಬಲೂನೇ ಬೇಕು. ಅಲ್ಲಿ ಕಾಸ್ಮಿಕ್ ಕಿರಣ ಅಷ್ಟೇ ಅಲ್ಲ, ವಾನ್ ಅಲೆನ್ ಪಟ್ಟಿಯಿಂದ (ಭೂಮಿಯ ಕಾಂತಕ್ಷೇತ್ರ ಕಣಗಳನ್ನು ಹಿಡಿದಿಟ್ಟಿರುವ ವಲಯ) ಉದುರುವ ಎಲೆಕ್ಟ್ರಾನ್‌ಗಳ ಸುಳಿವೂ ಸಿಗುತ್ತದೆ. ಆದರೆ ಈ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಬಲೂನಿನ ಎತ್ತರದ ತನಕವೂ ಇಳಿಯುವುದಿಲ್ಲ. ಅವು ಹೊಮ್ಮಿಸುವ ಎಕ್ಸ್‌ರೇಯನ್ನೇ ಹಿಡಿಯಬೇಕು.