ತಟ್ಟೆಯಲ್ಲಿ ಇಲ್ಲದ ಕತ್ತರಿ

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಮನಸ್ಸಿಗೆ ಸ್ವಲ್ಪ ಚುಚ್ಚಿದಂತೆಯೂ ಆಯಿತು. ಎಂಟನೇ ತರಗತಿಯಲ್ಲಿ ಒಂದು ತಟ್ಟೆಯಲ್ಲಿ 20 ವಸ್ತು ಇಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ ಎಂದಿರಿ. ಯಾರಿಗೆ ಎಷ್ಟು ಎಂದು ಬೋರ್ಡಿನ ಮೇಲೆ ಹೆಸರಿನ ಸಮೇತ ಹಾಕಿದಿರಿ. ಆರೇ ಬರೆದ ಹುಡುಗಿ ಪೀರಿಯಡ್ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅದರಲ್ಲೂ ಅವಳು ತಟ್ಟೆಯಲ್ಲಿ ಇಲ್ಲದ ಕತ್ತರಿಯನ್ನು ಬರೆದಿದ್ದಳು, ಕ್ಲಾಸೇ ನಕ್ಕಿತು. ‘ನೆನಪಿನ ಶಕ್ತಿ ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇದೆಯೇ?’ ಎಂದು ಕೇಳಿದ್ದೀರಿ.

ಅಳೆಯುವುದನ್ನು ದಯವಿಟ್ಟು ಬಿಡಿ. ನೆನಪು ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳು ತಾವೇ ಕಂಡುಕೊಳ್ಳಲಿ. ಅದಕ್ಕೆ ಹೆಸರು ಬೇಡ. ಚೀಟಿಗಳನ್ನು ಹೆಸರಿಲ್ಲದೆ ಒಟ್ಟು ಮಾಡಿ, ಇಡೀ ಕ್ಲಾಸಿನ ಲೆಕ್ಕ ನೋಡಿದರೆ ಸಾಕು.

ಮೊದಲು ಇದನ್ನು ಮಾಡಿ. ಒಂದಕ್ಕೊಂದು ಸಂಬಂಧವಿಲ್ಲದ 15 ಪದ ಆರಿಸಿ, ಎರಡು ಸೆಕೆಂಡಿಗೆ ಒಂದರಂತೆ ಓದಿ. ಓದಿ ಮುಗಿದ ಕೂಡಲೇ ಮಕ್ಕಳು ಯಾವ ಕ್ರಮದಲ್ಲಾದರೂ ಬರೆಯಲಿ. ಆಮೇಲೆ ಒಂದನೇ ಪದ ಎಷ್ಟು ಜನಕ್ಕೆ ನೆನಪಿತ್ತು, ಎರಡನೆಯದು ಎಷ್ಟು ಜನಕ್ಕೆ ಎಂದು ಚೀಟಿಗಳಲ್ಲಿ ಎಣಿಸಿ, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿ. ಸಾಮಾನ್ಯವಾಗಿ ಎರಡು ತುದಿ ಮೇಲೆ, ನಡುವೆ ತಗ್ಗು. ಮೊದಲ ಪದಗಳನ್ನು ಮಕ್ಕಳು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಿರುತ್ತಾರೆ. ಕೊನೆಯವು ಇನ್ನೂ ಕಿವಿಯಲ್ಲೇ ಇರುತ್ತವೆ.

ಇನ್ನೊಂದು ದಿನ ಬೇರೆ 15 ಪದ ಓದಿ. ಈ ಸಲ ಓದಿ ಮುಗಿಸಿದ ತಕ್ಷಣ ಬರೆಯಲು ಬಿಡಬೇಡಿ. 30 ಸೆಕೆಂಡು ನೂರರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲಿ: 97, 94, 91... ಗ್ರಾಫಿನ ಬಲತುದಿ ಕುಸಿದುಬೀಳುತ್ತದೆ, ಎಡತುದಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 1966ರಲ್ಲಿ ಗ್ಲಾಂಜರ್ ಮತ್ತು ಕುನಿಟ್ಜ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ. ಈಗಷ್ಟೇ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವುದು ಬೇರೆ, ಮನಸ್ಸಿನಲ್ಲಿ ಊರಿದ್ದು ಬೇರೆ ಅಂತ ಒಂದು ಹಾಳೆಯ ಮೇಲೆ ಕಣ್ಣಿಗೆ ಕಾಣುತ್ತದೆ.

ಅರ್ಥದ ಪ್ರಯೋಗವೂ ಸುಲಭ. 20 ಪದ ಕೊಟ್ಟು, ಅರ್ಧ ಕ್ಲಾಸಿಗೆ ‘ಇದರಲ್ಲಿ ಒತ್ತಕ್ಷರ ಇದೆಯೇ?’ ಎಂದೂ, ಉಳಿದವರಿಗೆ ‘ಇದು ಜೀವ ಇರುವಂಥದ್ದೇ?’ ಎಂದೂ ಗುರುತು ಹಾಕಲು ಹೇಳಿ. ನೆನಪಿಟ್ಟುಕೊಳ್ಳಿ ಎಂದು ಮಾತ್ರ ಹೇಳಬೇಡಿ. ಆಮೇಲೆ ಇದ್ದಕ್ಕಿದ್ದಂತೆ ಪದಗಳನ್ನು ಕೇಳಿ. ಅರ್ಥ ಯೋಚಿಸಿದವರಿಗೇ ಜಾಸ್ತಿ ನೆನಪಿರುತ್ತದೆ.

ಇನ್ನು ಕತ್ತರಿಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ತಟ್ಟೆಯಲ್ಲಿದ್ದ ವಸ್ತುಗಳ ಪಟ್ಟಿಯನ್ನು ನೀವೇ ಕೊಟ್ಟಿದ್ದೀರಿ: ಸೂಜಿ, ದಾರದ ಉಂಡೆ, ಅಂಗಿಯ ಗುಂಡಿ, ಬಟ್ಟೆಯ ತುಂಡು, ಅಳತೆ ಟೇಪು... ಇವೆಲ್ಲ ಇದ್ದ ಕಡೆ ಕತ್ತರಿ ಇರಲೇಬೇಕು, ಅಲ್ವಾ?

ಈ ಪದಗಳನ್ನು ನಿಧಾನವಾಗಿ ಓದಿ ಹೇಳಿ: ಹಾಸಿಗೆ, ದಿಂಬು, ಕನಸು, ರಾತ್ರಿ, ತೂಕಡಿಕೆ, ಆಕಳಿಕೆ, ಗೊರಕೆ, ಹೊದಿಕೆ, ಮಂಚ, ಜೋಗುಳ, ದಣಿವು, ಎಚ್ಚರ. ಎರಡು ನಿಮಿಷ ಬೇರೇನಾದರೂ ಮಾಡಿಸಿ, ಆಮೇಲೆ ಬರೆಸಿ. ‘ನಿದ್ದೆ’ ಎಂದು ಎಷ್ಟು ಮಕ್ಕಳು ಬರೆದಿದ್ದಾರೆ ನೋಡಿ. ಪಟ್ಟಿಯಲ್ಲಿ ಆ ಪದವೇ ಇಲ್ಲ! ನಮ್ಮ ಕಚೇರಿಯಲ್ಲಿ ಐದು ಜನರ ಮೇಲೆ ಮಾಡಿ ನೋಡಿದೆ. ಇಬ್ಬರು ಬರೆದರು. ಒಬ್ಬರಂತೂ ‘ನೀವು ಓದಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ’ ಎಂದು ಪಟ್ಟು ಹಿಡಿದರು. ಕಾಗದ ಕೈಗೆ ಕೊಟ್ಟ ಮೇಲೂ ಎರಡು ಸಲ ಬೆರಳಿಟ್ಟು ಹುಡುಕಿದರು.

ಇಂಥ ಪಟ್ಟಿಗಳನ್ನು ಮೊದಲು ಬಳಸಿದವರು ಮನಶ್ಶಾಸ್ತ್ರಜ್ಞ ಜೇಮ್ಸ್ ಡೀಸ್, 1959ರಲ್ಲಿ. 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಮೊದಲ ಪ್ರಯೋಗದಲ್ಲಿ ಓದದೇ ಇದ್ದ ಪದ ಶೇಕಡಾ 40ರಷ್ಟು ಸಲ ಉತ್ತರದಲ್ಲಿ ಬಂತು. ಭಾಗವಹಿಸಿದವರು ಕಾಲೇಜು ವಿದ್ಯಾರ್ಥಿಗಳು. ನಮ್ಮ ನೆನಪು ಫೋಟೋ ತೆಗೆದಿಡುವುದಿಲ್ಲ. ಸಿಕ್ಕಿದ ತುಣುಕುಗಳನ್ನು ಅರ್ಥದ ದಾರದಲ್ಲಿ ಪೋಣಿಸುತ್ತದೆ, ನಡುವೆ ಖಾಲಿ ಇದ್ದರೆ ತಾನೇ ತುಂಬುತ್ತದೆ. ಒಂದು ಸಾಲಿನ ಅರ್ಧ ಓದಿ ಇನ್ನರ್ಧ ಊಹಿಸುವುದು, ಗದ್ದಲದಲ್ಲೂ ಮಾತು ಅರ್ಥ ಮಾಡಿಕೊಳ್ಳುವುದು, ಇವೆಲ್ಲ ನಡೆಯುವುದೂ ಹೀಗೆ ತುಂಬಿಕೊಳ್ಳುವ ಗುಣದಿಂದಲೇ.

ಒಂದು ಎಚ್ಚರಿಕೆ. ಪ್ರಯೋಗ ಮುಗಿದ ಕೂಡಲೇ, ಅದೇ ಪೀರಿಯಡ್‌ನಲ್ಲಿ, ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಗುಟ್ಟು ಬಿಟ್ಟುಕೊಡಿ. ತಾವು ಮೋಸಹೋದೆವು ಎಂಬ ಭಾವನೆ ಮನೆಗೆ ಹೋಗಬಾರದು.

ಈ ‘ನಿದ್ದೆ’ ಪಟ್ಟಿಯನ್ನು ಸೋಮವಾರವೇ ಮಾಡಿ, ಉಳಿದವು ನಿಧಾನವಾಗಿ ಆಗಲಿ. ಚೀಟಿಗಳನ್ನು ಎಣಿಸಿದ ಮೇಲೆ, ಅವತ್ತಿನ ತಟ್ಟೆಯನ್ನು ಮತ್ತೆ ಮೇಜಿನ ಮೇಲೆ ಇಡಿ. ಸೂಜಿ, ದಾರ, ಗುಂಡಿ, ಟೇಪು ಎಲ್ಲ ಇರಲಿ. ‘ಅವತ್ತು ಒಬ್ಬರು ಇದರ ಜೊತೆ ಕತ್ತರಿ ಬರೆದಿದ್ದರು, ಯಾಕಿರಬಹುದು ಹೇಳಿ’ ಎಂದು ಕ್ಲಾಸಿಗೇ ಕೇಳಿ. ಅವಳ ಹೆಸರು ಹೇಳಬೇಡಿ. ಅವಳೇ ಕೈ ಎತ್ತಿದರೆ, ಮೊದಲು ಮಾತಾಡಲು ಅವಳಿಗೇ ಬಿಡಿ.

ನಿಮ್ಮ,
ಸಂಪಾದಕ