ಹಣವಿದ್ದೂ ಬ್ರಿಟನ್ ಸ್ಟೂಡೆಂಟ್ ವೀಸಾ ತಿರಸ್ಕಾರ ಯಾಕೆ?

ಖಾತೆಯಲ್ಲಿ ಹಣವಿದ್ದೂ ನಿಮ್ಮ ವೀಸಾ ಅರ್ಜಿ ಯಾಕೆ ತಿರಸ್ಕಾರವಾಯಿತು ಅಂತ ಕೇಳಿದ್ದೀರಿ. ಹಣ ಕಡಿಮೆ ಬಿದ್ದಿಲ್ಲ, 28 ದಿನದ ಲೆಕ್ಕ ತಪ್ಪಿರಬೇಕು. ಸಿಂಧನೂರಿನಲ್ಲಿ ಭತ್ತ ಮಾರಿದ ದುಡ್ಡು ತಂದೆಯವರ ಖಾತೆಗೆ ಬಂದು ಮೂರು ವಾರಕ್ಕೇ ಅರ್ಜಿ ಹಾಕಿದೆ ಅಂತ ನೀವೇ ಬರೆದಿದ್ದೀರಿ. ಬೇಕಾದ ಪೂರ್ತಿ ಮೊತ್ತ ಸತತ 28 ದಿನ ಖಾತೆಯಲ್ಲಿ ನಿಂತಿರಬೇಕು. ನಡುವೆ ಒಂದೇ ದಿನ ಗೊಬ್ಬರದ ಅಂಗಡಿಗೆ ಕೊಟ್ಟು ಇಳಿದರೂ ಎಣಿಕೆ ಮತ್ತೆ ಮೊದಲಿನಿಂದ. ಆ 28ನೇ ದಿನ, ಅರ್ಜಿ ಹಾಕುವ ದಿನಕ್ಕೆ 31 ದಿನಕ್ಕಿಂತ ಹಳೆಯದಾಗಿರಬಾರದು. ನನ್ನ ತಂಗಿಯ ಅರ್ಜಿ ಎರಡೇ ದಿನದ ಕೊರತೆಯಿಂದ ಹೋಯಿತು, ಆ ಸಂಕಟ ಗೊತ್ತು.

ಮೊದಲು ತಿರಸ್ಕಾರದ ಪತ್ರದಲ್ಲಿ ಹಣಕಾಸಿನ ಕಾರಣ ಮಾತ್ರ ಇದೆಯೇ ನೋಡಿ. ಬೇರೆ ಕಾರಣವೂ ಇದ್ದರೆ ನಾನು ಹೇಳುವಷ್ಟು ಸಾಲದು. ಅಷ್ಟೇ ಇದ್ದರೆ ಇವತ್ತೇ ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕಿ ಹೊಸ ಕ್ಯಾಸ್ (CAS, ವೀಸಾಗೆ ಬೇಕಾದ ಪ್ರವೇಶ ದೃಢೀಕರಣ) ಕೇಳಿ, ಒಮ್ಮೆ ಬಳಸಿದ್ದು ಮತ್ತೆ ನಡೆಯಲ್ಲ. 28 ದಿನ ತುಂಬುವವರೆಗೆ ಹಣ ಮುಟ್ಟಬೇಡಿ. ಸಹಕಾರ ಸಂಘದಲ್ಲಿದ್ದರೆ ರಿಸರ್ವ್ ಬ್ಯಾಂಕ್ ನಿಯಂತ್ರಣದ ಬ್ಯಾಂಕಿಗೆ ಹಾಕಿಸಿ. ಪಹಣಿ, ಜಮೀನಿನ ಬೆಲೆ, ಬಂಗಾರ ಯಾವುದೂ ಲೆಕ್ಕಕ್ಕಿಲ್ಲ. ಹಣ ತಂದೆಯವರ ಖಾತೆಯಲ್ಲಿರುವುದರಿಂದ ನಿಮ್ಮ ಜನನ ಪ್ರಮಾಣಪತ್ರವೂ ಬೇಕು; ಅದು ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷಿಗೆ ಪ್ರಮಾಣೀಕೃತ ಅನುವಾದ ಬೇಕು, ಜೊತೆಗೆ ತಂದೆಯವರ ಒಪ್ಪಿಗೆ ಪತ್ರ.

ಕಾಯಲು ಸಮಯವಿಲ್ಲದಿದ್ದರೆ ನಿಮ್ಮ ಹೆಸರಿಗೇ ಬ್ಯಾಂಕಿನ ಶಿಕ್ಷಣ ಸಾಲ ಮಂಜೂರು ಮಾಡಿಸಿ. ಅದಕ್ಕೆ 28 ದಿನದ ನಿಯಮವಿಲ್ಲ, ಪತ್ರ 6 ತಿಂಗಳೊಳಗಿನದಾಗಿದ್ದರೆ ಸಾಕು.

ವೀಸಾ ಶುಲ್ಕ ಹೋಯಿತು ಅಂದುಕೊಳ್ಳಿ. ಅರ್ಜಿಯ ಜೊತೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟಿದ ಆರೋಗ್ಯ ಸರ್‌ಚಾರ್ಜ್ ಮಾತ್ರ ಕಟ್ಟಿದ ಕಾರ್ಡಿಗೇ ತಿರುಗಿ ಬರುತ್ತದೆ. ಏಜೆಂಟರ ಕಾರ್ಡಿನಿಂದ ಕಟ್ಟಿಸಿದ್ದರೆ ಅವರನ್ನು ಬಿಡದೆ ಕೇಳಿ ಪಡೆಯಿರಿ.